ದುಬೈನಲ್ಲಿ ಫ್ಲಾಟ್ ಕೊಳ್ಳುವ ಮುನ್ನ: ದುಡ್ಡು ಯಾವ ಖಾತೆಗೆ ಹೋಗುತ್ತಿದೆ ನೋಡಿ

ದುಬೈಗೆ ಬಂದು ವರ್ಷವಾಗಿದೆ, ಕಟ್ಟುತ್ತಿರುವ ಪ್ರಾಜೆಕ್ಟೊಂದರಲ್ಲಿ ಫ್ಲಾಟ್ ಮೆಚ್ಚಿದ್ದೇನೆ, ಈ ವಾರವೇ ಬುಕಿಂಗ್ ಹಣ ಕಟ್ಟಿ ಅಂತ ಏಜೆಂಟ್ ಅವಸರ ಮಾಡುತ್ತಿದ್ದಾರೆ, ಏನೇನು ನೋಡಿಕೊಳ್ಳಬೇಕು ಎಂದು ಕೇಳಿದ್ದೀರಿ. ಅವಸರಕ್ಕೆ ಬಿದ್ದು ಕಟ್ಟಬೇಡಿ. ಇಲ್ಲಿನ ಕಾನೂನು ಕೊಳ್ಳುವವರನ್ನು ಚೆನ್ನಾಗಿಯೇ ಕಾಯುತ್ತದೆ, ಆದರೆ ದುಬೈ ಲ್ಯಾಂಡ್ ಡಿಪಾರ್ಟ್‌ಮೆಂಟಿನಲ್ಲಿ ನೋಂದಣಿಯಾದ ವ್ಯವಹಾರಕ್ಕೆ ಮಾತ್ರ ಆ ರಕ್ಷಣೆ.

ಮೊದಲು ಜಾಗ. 2006ರ 7ನೇ ಕಾನೂನಿನ ಪ್ರಕಾರ ವಿದೇಶಿಯರು ಕೊಳ್ಳಬಹುದಾದದ್ದು ಗೊತ್ತುಪಡಿಸಿದ ಪ್ರದೇಶಗಳಲ್ಲಿ ಮಾತ್ರ; ದುಬೈ ಮರೀನಾ, ಡೌನ್‌ಟೌನ್, ಪಾಮ್ ಜುಮೇರಾ ಅಂಥವು. ಅಲ್ಲೂ ಕೊಡುತ್ತಿರುವುದು ಫ್ರೀಹೋಲ್ಡೋ (ಪೂರ್ತಿ ಮಾಲೀಕತ್ವ), 99 ವರ್ಷದ ಲೀಸೋ ಎಂದು ಬರಹದಲ್ಲಿ ಕೇಳಿ.

ಇನ್ನು ನಿಮ್ಮ ಪ್ರಾಜೆಕ್ಟು. 2007ರ 8ನೇ ಕಾನೂನು ಪ್ರತಿ ಪ್ರಾಜೆಕ್ಟಿಗೂ ಬೇರೆ ಎಸ್ಕ್ರೋ ಖಾತೆ, ಅಂದರೆ ಕೊಳ್ಳುವವರ ಹಣವನ್ನು ಆ ಪ್ರಾಜೆಕ್ಟಿಗೆಂದೇ ಕಾದಿಡುವ ಬ್ಯಾಂಕ್ ಖಾತೆ, ಕಡ್ಡಾಯ ಮಾಡಿದೆ. ಆ ಖಾತೆಯ ಹಣವನ್ನು ಬಿಲ್ಡರ್ ಇನ್ನೊಂದು ಪ್ರಾಜೆಕ್ಟಿಗೆ ಬಳಸುವಂತಿಲ್ಲ. ಹಾಗಾಗಿ ಬುಕಿಂಗ್ ಹಣವೂ ಸೇರಿ ಪ್ರತಿ ಕಂತೂ ಹೋಗಬೇಕಾದದ್ದು ಅಲ್ಲಿಗೇ. ಬಿಲ್ಡರ್ ಕಂಪನಿಯ ಮಾಮೂಲಿ ಖಾತೆಗೋ ಏಜೆಂಟ್ ಖಾತೆಗೋ ಹಾಕಿ ಎಂದರೆ ಅಲ್ಲಿಗೇ ಮಾತು ನಿಲ್ಲಿಸಿ. ಪ್ರಾಜೆಕ್ಟು ನೋಂದಣಿಯಾಗಿದೆಯೇ, ಕೆಲಸ ಎಷ್ಟು ಶೇಕಡಾ ಮುಗಿದಿದೆ ಎಂಬುದು ಡಿಪಾರ್ಟ್‌ಮೆಂಟಿನ ದುಬೈ ರೆಸ್ಟ್ ಆ್ಯಪ್‌ನಲ್ಲಿ ಸಿಗುತ್ತದೆ. ಏಜೆಂಟರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಸಂಸ್ಥೆ) ನಂಬರನ್ನೂ ಅಲ್ಲೇ ಪರೀಕ್ಷಿಸಬಹುದು. ಸಹಿಯಾದ ಮೇಲೆ ನಿಮ್ಮ ಹೆಸರಿಗೆ ಉಕೂದ್, ಅಂದರೆ ಕಟ್ಟುತ್ತಿರುವ ಫ್ಲಾಟಿನ ಒಪ್ಪಂದದ ನೋಂದಣಿ, ಆಗಲೇಬೇಕು. ಕಟ್ಟಡ ಮುಗಿಯುವವರೆಗೆ ನಿಮ್ಮ ಹಕ್ಕಿಗೆ ಅದೇ ದಾಖಲೆ. ಅದಿಲ್ಲದೆ ಕೈಯಲ್ಲಿರುವ ರಸೀದಿ, ಬುಕಿಂಗ್ ಫಾರ್ಮ್ ಬರೀ ಕಾಗದ.

ಕಂತು ತಪ್ಪಿದರೆ ಏನಾಗುತ್ತದೆ ಎಂಬುದನ್ನು ಬಹಳ ಜನ ಓದುವುದೇ ಇಲ್ಲ. ಬಿಲ್ಡರ್ ಡಿಪಾರ್ಟ್‌ಮೆಂಟಿಗೆ ತಿಳಿಸಿ, ಅಲ್ಲಿಂದ ನಿಮಗೆ 30 ದಿನದ ನೋಟಿಸು ಬಂದು, ಆಮೇಲೂ ಕಟ್ಟದಿದ್ದರೆ ಒಪ್ಪಂದ ರದ್ದು ಮಾಡಬಹುದು. ಕಟ್ಟಡದ ಕೆಲಸ ಶೇ. 60ಕ್ಕಿಂತ ಹೆಚ್ಚು ಮುಗಿದಿದ್ದರೆ ಶೇ. 40ರವರೆಗೆ, ಅದಕ್ಕಿಂತ ಕಡಿಮೆಯಿದ್ದರೆ ಶೇ. 25ರವರೆಗೆ ಅವರೇ ಇಟ್ಟುಕೊಳ್ಳಬಹುದು. ಈ ಲೆಕ್ಕ ನೀವು ಕಟ್ಟಿದ ಹಣದ ಮೇಲಲ್ಲ, ಫ್ಲಾಟಿನ ಪೂರ್ತಿ ಬೆಲೆಯ ಮೇಲೆ. ಶೇ. 20 ಕಟ್ಟಿದ ಮೇಲೆ ನೌಕರಿ ಕಳೆದುಕೊಂಡು ಕಂತು ನಿಲ್ಲಿಸಿದವರಿಗೆ ಒಂದು ದಿರ್ಹಮ್ಮೂ ವಾಪಸ್ ಬರದೆ ಹೋಗಬಹುದು. ಕಂತಿನ ಪಟ್ಟಿಯನ್ನು ಇವತ್ತಿನ ಸಂಬಳದ ಮೇಲಲ್ಲ, ಕೈಯಲ್ಲಿರುವ ಉಳಿತಾಯದ ಮೇಲೆ ಅಳೆಯಿರಿ.

ಕಟ್ಟಿ ಮುಗಿದ ಫ್ಲಾಟ್ ಕಡೆ ಮನಸ್ಸು ತಿರುಗಿದರೆ ಅಪಾಯ ಬೇರೆ ಥರದ್ದು. ಟೈಟಲ್ ಡೀಡ್ (ಮಾಲೀಕತ್ವದ ಪತ್ರ) ಅಸಲಿಯೇ ಎಂದು ಡಿಪಾರ್ಟ್‌ಮೆಂಟಿನ ದಾಖಲೆಯಲ್ಲೇ ತಾಳೆ ನೋಡಿ. ಒಪ್ಪಂದ ಡಿಪಾರ್ಟ್‌ಮೆಂಟಿನ ಅಧಿಕೃತ ಮಾರಾಟ ಒಪ್ಪಂದದ ನಮೂನೆಯಾದ ಫಾರ್ಮ್ ಎಫ್‌ನಲ್ಲೇ ಆಗಲಿ. ಚೆಕ್ ಮಾಲೀಕರ ಹೆಸರಿಗೇ ಇರಬೇಕು, ಅದೂ ಡೀಡ್‌ನಲ್ಲಿರುವ ಸ್ಪೆಲ್ಲಿಂಗ್‌ನಲ್ಲೇ. ಒಂದಕ್ಷರ ಹೆಚ್ಚುಕಡಿಮೆಯಾದರೂ ಟ್ರಸ್ಟೀ ಆಫೀಸಿನಲ್ಲಿ (ಡಿಪಾರ್ಟ್‌ಮೆಂಟಿನ ಪರವಾಗಿ ನೋಂದಣಿ ಮಾಡುವ ಕಚೇರಿ) ವರ್ಗಾವಣೆ ನಿಂತುಹೋಗಬಹುದು. ಪವರ್ ಆಫ್ ಅಟಾರ್ನಿ ಹಿಡಿದು ಬಂದವರಿಗೆ ಮಾರುವ ಅಧಿಕಾರದ ಜೊತೆ ಹಣ ಪಡೆಯುವ ಅಧಿಕಾರವೂ ಇದೆಯೇ ಎಂದು ಓದಿ. ಮಾರುವವರ ಮೇಲೆ ಸಾಲವಿದ್ದರೆ ಬ್ಯಾಂಕಿನಿಂದ ಬಾಕಿಯ ಪತ್ರ ತರಿಸಿ, ಸಾಲ ತೀರಿಸುವ ಹಣ ಕೊಡುವ ಮುನ್ನ ಆಸ್ತಿಯನ್ನು ಬೇರೆಯವರಿಗೆ ಮಾರಲಾಗದಂತೆ ಡಿಪಾರ್ಟ್‌ಮೆಂಟಿನಲ್ಲಿ ನಿಮ್ಮ ಪರವಾಗಿ ಬ್ಲಾಕ್ ಮಾಡಿಸಿ. ಸರ್ವಿಸ್ ಚಾರ್ಜ್ (ಕಟ್ಟಡದ ನಿರ್ವಹಣೆ ಶುಲ್ಕ) ಬಾಕಿ ಇದ್ದರೆ ಬಿಲ್ಡರಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಸಿಗುವುದಿಲ್ಲ, ಎನ್‌ಒಸಿ ಇಲ್ಲದೆ ವರ್ಗಾವಣೆ ಇಲ್ಲ. ಒಳಗೆ ಬಾಡಿಗೆದಾರರಿದ್ದರೆ ನೀವು ವಾಸಕ್ಕೆ ಹೋಗಲು ನೋಟರಿ ಮೂಲಕವೋ ರಿಜಿಸ್ಟರ್ಡ್ ಅಂಚೆಯಲ್ಲೋ 12 ತಿಂಗಳ ನೋಟಿಸು ಕೊಡಬೇಕು. ತಕ್ಷಣ ವಾಸಕ್ಕೆ ಬೇಕಿದ್ದರೆ ಖಾಲಿ ಫ್ಲಾಟನ್ನೇ ಹುಡುಕಿ.

ಖರ್ಚಿನ ಅಂದಾಜು: 12 ಲಕ್ಷ ದಿರ್ಹಮ್ ಬೆಲೆಯ ಸಿದ್ಧ ಫ್ಲಾಟಿಗೆ ನೋಂದಣಿ ಶುಲ್ಕ ಶೇ. 4, ಅಂದರೆ 48,000. ನಿಯಮದಲ್ಲಿ ಇದನ್ನು ಇಬ್ಬರೂ ಹಂಚಿಕೊಳ್ಳಬೇಕು, ರೂಢಿಯಲ್ಲಿ ಎಲ್ಲ ಕೊಳ್ಳುವವರ ತಲೆಗೇ. ಚೌಕಾಸಿ ಮಾಡಲು ಇದು ಒಳ್ಳೆಯ ಜಾಗ. ಏಜೆಂಟ್ ಕಮಿಷನ್ ಸಾಮಾನ್ಯವಾಗಿ ಶೇ. 2, ವ್ಯಾಟ್ ಸೇರಿ 25,200. ಟ್ರಸ್ಟೀ ಆಫೀಸಿಗೆ 4,200. ಬೆಲೆಯ ಹೊರತಾಗಿ ಇಷ್ಟು ಕೈಯಲ್ಲಿರಲಿ.

ವಿಲ್ ಬರೆಸಿ. ಮುಸ್ಲಿಮೇತರರಿಗೆ ಡಿಐಎಫ್‌ಸಿಯಲ್ಲಿ (ದುಬೈನ ಅಂತರರಾಷ್ಟ್ರೀಯ ಹಣಕಾಸು ಕೇಂದ್ರ) ನೋಂದಾಯಿಸುವ ವ್ಯವಸ್ಥೆ ಇದೆ. ವಿಲ್ ಇಲ್ಲದಿದ್ದರೆ ಮುಸ್ಲಿಮೇತರರಿಗಾಗಿರುವ ಯುಎಇಯ 2022ರ ಕಾನೂನಿನಂತೆ ಅರ್ಧ ಗಂಡ ಅಥವಾ ಹೆಂಡತಿಗೆ, ಇನ್ನರ್ಧ ಮಕ್ಕಳಿಗೆ ಹೋಗುವುದು ಸಾಮಾನ್ಯ ನಿಯಮ; ಅಪ್ಪ ಅಮ್ಮನಿಗೂ ಪಾಲು ಸಿಗಬೇಕೆಂದರೆ ನೀವೇ ಬರೆದಿಡಬೇಕು.

ಭಾರತದ ಕಡೆಯ ಲೆಕ್ಕವನ್ನೂ ಮರೆಯಬೇಡಿ. ಅನಿವಾಸಿಯಾಗಿದ್ದಾಗ ಕೊಂಡದ್ದನ್ನು ವಾಪಸ್ ಹೋದ ಮೇಲೂ ಇಟ್ಟುಕೊಳ್ಳಲು ಫೆಮಾ (ವಿದೇಶಿ ವಿನಿಮಯ ನಿರ್ವಹಣೆ) ಕಾನೂನಿನ 6(4)ನೇ ಕಲಮಿನಲ್ಲಿ ಅವಕಾಶವಿದೆ. ಆದರೆ ಭಾರತದಲ್ಲಿ ತೆರಿಗೆ ಲೆಕ್ಕಕ್ಕೆ ಪೂರ್ಣ ನಿವಾಸಿಯಾದ ವರ್ಷದಿಂದ ಆದಾಯ ತೆರಿಗೆ ರಿಟರ್ನ್‌ನ ವಿದೇಶಿ ಆಸ್ತಿಯ ಪಟ್ಟಿಯಲ್ಲಿ ಪ್ರತಿ ವರ್ಷ ತೋರಿಸಬೇಕು. ಬಿಟ್ಟರೆ 10 ಲಕ್ಷ ರೂಪಾಯಿ ದಂಡ ಬೀಳಬಹುದು. ಇಲ್ಲಿನ ಡೀಡ್, ಕಂತಿನ ರಸೀದಿ, ಬ್ಯಾಂಕ್ ಸ್ಟೇಟ್‌ಮೆಂಟುಗಳನ್ನು ಇವತ್ತಿನಿಂದಲೇ ಒಂದೇ ಫೈಲಿನಲ್ಲಿ ಜೋಡಿಸಿಡಿ.