ನೀಲಿ ಪಂಪ್ ಇರುವಾಗ ಇನ್ನೊಂದು ಯಾಕೆ?

ಪ್ರಶ್ನೆ: ನಮ್ಮ ಅತ್ತೆಗೆ 54 ವರ್ಷ. ಮಳೆ ಹಿಡಿದರೆ ಸಾಕು, ರಾತ್ರಿಯೆಲ್ಲ ಉಬ್ಬಸ. ಡಾಕ್ಟರು ಉಸಿರಿನ ಜೊತೆ ಔಷಧ ಎಳೆಯುವ ನೀಲಿ ಪಂಪಿನ (ಇನ್‌ಹೇಲರ್) ಜೊತೆ ಬುಡೆಸೊನೈಡ್ 200 ಎಂಬ ಇನ್ನೊಂದು ಪಂಪ್ ಕೊಟ್ಟು, ಬೆಳಿಗ್ಗೆ ಎರಡು, ರಾತ್ರಿ ಎರಡು ಸಲ ಎಳೆಯಲು ಹೇಳಿದರು. ನಾಲ್ಕು ದಿನ ಎಳೆದರೂ ಗುಣ ಕಾಣಲಿಲ್ಲ, ದನಿ ಬೇರೆ ಒಡೆಯಿತು. ಅದು ಸ್ಟೀರಾಯ್ಡ್, ಅಭ್ಯಾಸವಾಗಿಬಿಡುತ್ತೆ ಎಂದು ಯಾರೋ ಹೇಳಿದ ಮೇಲೆ ಬಿಟ್ಟೇಬಿಟ್ಟರು. ಈಗ ನೀಲಿಯದನ್ನೇ ದಿನಕ್ಕೆ ನಾಲ್ಕೈದು ಸಲ ಎಳೆಯುತ್ತಾರೆ. ಪರವಾಗಿಲ್ಲವೇ?
– ಓದುಗರು, ಮೂಡಿಗೆರೆ

ಉತ್ತರ: ಪರವಾಗಿಲ್ಲ ಎನ್ನುವಂತಿಲ್ಲ. ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ನೀಲಿ ಪಂಪ್ ಬೇಕಾದರೇ ಉಬ್ಬಸ ಹತೋಟಿಯಲ್ಲಿಲ್ಲ ಎಂದರ್ಥ. ನಿಮ್ಮ ಅತ್ತೆಯವರು ಈ ವಾರವೇ ಡಾಕ್ಟರನ್ನು ಕಾಣಬೇಕು. ನೀಲಿಯದರಲ್ಲಿರುವ ಸಾಲ್ಬುಟಮಾಲ್ ಶ್ವಾಸನಾಳದ ಸುತ್ತ ಬಿಗಿದ ಸ್ನಾಯುವನ್ನು ನಾಲ್ಕಾರು ಗಂಟೆ ಸಡಿಲಿಸುತ್ತದೆ, ಅಷ್ಟೇ. ನಾಳದ ಒಳಗೋಡೆಯ ಬಾವು ಹಾಗೇ ಉಳಿಯುತ್ತದೆ. ಅದನ್ನು ಇಳಿಸುವುದು ಬುಡೆಸೊನೈಡ್. ಎಳೆದ ತಕ್ಷಣ ಏನೂ ಅನ್ನಿಸುವುದಿಲ್ಲ. ಒಂದೆರಡು ವಾರದಲ್ಲಿ ರಾತ್ರಿ ಕೆಮ್ಮು ಕಡಿಮೆಯಾಗುತ್ತದೆ, ಪೂರ್ತಿ ಗುಣಕ್ಕೆ ಇನ್ನೂ ಹೆಚ್ಚು ಸಮಯ ಬೇಕು. ಪಂಪಿನ ಬಣ್ಣ ಕಂಪನಿಗೊಂದು ಥರ ಇರುತ್ತದೆ, ಹೆಸರು ಓದಿ ಗುರುತಿಡಿ.

ಸ್ಟೀರಾಯ್ಡ್ ಹೌದು. ಆದರೆ ಲೆಕ್ಕ ನೋಡಿ: ದಿನಕ್ಕೆ ನಾಲ್ಕು ಸಲ ಎಳೆದರೆ 800 ಮೈಕ್ರೋಗ್ರಾಂ, ಅಂದರೆ ಒಂದು ಮಿಲಿಗ್ರಾಂ ಕೂಡ ಇಲ್ಲ, ಅದೂ ಬಹುಪಾಲು ಕೆಲಸ ಮಾಡುವುದು ಶ್ವಾಸನಾಳದಲ್ಲೇ. ಉಬ್ಬಸ ಕೈಮೀರಿದಾಗ ಕೊಡುವ ಪ್ರೆಡ್ನಿಸೊಲೋನ್ ಮಾತ್ರೆ ದಿನಕ್ಕೆ 40 ಮಿಲಿಗ್ರಾಂವರೆಗೂ ಹೋಗುತ್ತದೆ, ಮೈಯೆಲ್ಲ ಸುತ್ತುತ್ತದೆ. ಆ ಮಾತ್ರೆಯ ಪಾಳಿ ಬಾರದಿರಲಿ ಎಂದೇ ಈ ಪಂಪ್. ಇದು ಚಟವಾಗುವುದಿಲ್ಲ, ಬಿಟ್ಟರೆ ಬಾವು ಮರಳುತ್ತದೆ, ಅದನ್ನೇ ಜನ ಅಭ್ಯಾಸ ಅನ್ನುವುದು. ಎರಡು ಮೂರು ತಿಂಗಳು ಹತೋಟಿಯಲ್ಲಿದ್ದರೆ ಡಾಕ್ಟರೇ ಪ್ರಮಾಣ ಇಳಿಸುತ್ತಾರೆ.

ದನಿ ಒಡೆದದ್ದಕ್ಕೆ ಕಾರಣ ಔಷಧ ಗಂಟಲಿಗೆ ಬಡಿದು ಅಲ್ಲೇ ಕೂತಿರುವುದು. ಒಂದು ಸ್ಪೇಸರ್ ಕೊಳ್ಳಿ, ಅಂದರೆ ಪಂಪಿಗೂ ಬಾಯಿಗೂ ನಡುವೆ ಹಿಡಿಯುವ ಪ್ಲಾಸ್ಟಿಕ್ ಕೊಳವೆ. ಪಂಪನ್ನು ನಾಲ್ಕೈದು ಸಲ ಕುಲುಕಿ ಸ್ಪೇಸರಿನ ಹಿಂಬದಿಗೆ ಸಿಕ್ಕಿಸಿ. ಉಸಿರು ಪೂರ್ತಿ ಹೊರಬಿಟ್ಟು, ಬಾಯಿಗೆ ಬಿಗಿಯಾಗಿ ಹಿಡಿದು, ಒಂದೇ ಸಲ ಒತ್ತಿ. ನಿಧಾನವಾಗಿ, ಆಳವಾಗಿ ಎಳೆದು, ಹತ್ತು ಎಣಿಸುವವರೆಗೆ ಉಸಿರು ಕಟ್ಟಿ. ಅರ್ಧ ನಿಮಿಷ ಬಿಟ್ಟು, ಮತ್ತೆ ಕುಲುಕಿ ಎರಡನೆಯದು. ಎರಡನ್ನೂ ಒಟ್ಟಿಗೆ ಒತ್ತಿದರೆ ಔಷಧ ಸ್ಪೇಸರಿನ ಗೋಡೆಗೇ ಅಂಟುತ್ತದೆ. ಆಮೇಲೆ ಬಾಯಿ ಮುಕ್ಕಳಿಸಿ, ಗಂಟಲಲ್ಲಿ ಗಳಗಳ ಮಾಡಿ ಉಗುಳಬೇಕು, ನುಂಗಬಾರದು. ಇದನ್ನು ಬಿಟ್ಟರೆ ನಾಲಿಗೆ ಮೇಲೆ ಬಿಳಿ ಬೂಷ್ಟು ಕಟ್ಟುತ್ತದೆ. ಹಲ್ಲುಜ್ಜುವ ಮುಂಚೆ ಎಳೆದರೆ ಮರೆಯುವ ಪ್ರಶ್ನೆಯೇ ಇಲ್ಲ.

ಸ್ಪೇಸರನ್ನು ಸೋಪಿನ ನೀರಲ್ಲಿ ಅದ್ದಿ, ಒಳಗೆ ಬಟ್ಟೆಯಿಂದ ಒರೆಸದೆ, ತಾನಾಗಿ ಒಣಗಲು ಬಿಡಿ. ಒರೆಸಿದರೆ ಪ್ಲಾಸ್ಟಿಕ್ಕಿಗೆ ವಿದ್ಯುತ್ ಸೆಳೆತ ಬಂದು ಔಷಧ ಅಂಟಿಕೊಳ್ಳುತ್ತದೆ. 200 ಸಲದ ಡಬ್ಬಿ ಇವರ ಲೆಕ್ಕಕ್ಕೆ 50 ದಿನ. ಶುರು ಮಾಡಿದ ತಾರೀಖನ್ನು ಡಬ್ಬಿ ಮೇಲೆ ಬರೆಯಿರಿ. ಖಾಲಿಯಾದ ಮೇಲೂ ಒತ್ತಿದರೆ ಬುಸ್ ಅನ್ನುತ್ತದೆ, ಆ ಸದ್ದು ನಂಬಬೇಡಿ.

ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟು ಹಿಡಿದ ಕಂಬಳಿ, ಬಚ್ಚಲೊಲೆಯ ಹೊಗೆ, ಎರಡೂ ಇವರ ಹತ್ತಿರ ಸುಳಿಯಬಾರದು.

ಮಾತು ಮುಗಿಸಲಾಗದಷ್ಟು ಏದುಸಿರು, ತುಟಿ ನೀಲಿ: ಕಾಯದೆ 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವಷ್ಟರಲ್ಲಿ ನೀಲಿ ಪಂಪನ್ನು ಸ್ಪೇಸರಿನಲ್ಲಿ ಒಂದೊಂದಾಗಿ ನಾಲ್ಕು ಸಲ ಕೊಡಿ.

ಪ್ರಶ್ನೆ: ಒಂಬತ್ತು ವರ್ಷದ ಮಗ ಉಬ್ಬಸಕ್ಕೆ ಕ್ಯಾಪ್ಸೂಲನ್ನು ಎಳೆಯುವ ಸಾಧನದಲ್ಲಿ ಹಾಕಿ ಅದರ ಪುಡಿ ಎಳೆಯುತ್ತಾನೆ. ಅರ್ಧ ಪುಡಿ ಒಳಗೇ ಉಳಿಯುತ್ತದಲ್ಲ?
– ಓದುಗರು, ಹಾಸನ

ಉತ್ತರ: ಪುಡಿ ಥಂಡಿ ಎಳೆದಿದೆ, ಇಲ್ಲವೇ ಮಗ ಮೆಲ್ಲಗೆ ಎಳೆಯುತ್ತಿದ್ದಾನೆ. ಪಂಪಿನದು ನಿಧಾನದ ಉಸಿರು, ಪುಡಿಗೆ ಜೋರಾದ, ರಭಸದ ಉಸಿರೇ ಬೇಕು. ಆ ಸಾಧನದೊಳಕ್ಕೆ ಊದಲೇಬಾರದು. ಕ್ಯಾಪ್ಸೂಲನ್ನು ಎಳೆಯುವ ಹೊತ್ತಿಗೇ ಹೊರತೆಗೆದು, ಬಾಟಲಿ ಮುಚ್ಚಳ ಬಿಗಿ ಮಾಡಿ. ಉಳಿದ ಪುಡಿಯನ್ನು ಮತ್ತೊಮ್ಮೆ ಎಳೆಸಿ. ಆದರೂ ಉಳಿದರೆ ಪಂಪ್, ಸ್ಪೇಸರಿಗೆ ಬದಲಿಸಲು ಡಾಕ್ಟರನ್ನು ಕೇಳಿ.