ಸರ್ಕಾರವನ್ನು ಟೀಕಿಸಿ ಬರೆದರೆ ಜೈಲಿಗೆ ಹಾಕಬಹುದೇ?

ನಿಮ್ಮ ಗ್ರಾಮ ಪಂಚಾಯಿತಿಯ ಕಾಮಗಾರಿಗಳ ಬಗ್ಗೆ ಫೇಸ್‌ಬುಕ್‌ನಲ್ಲಿ ಬರೆಯುತ್ತಿರುವುದಾಗಿ ಹೇಳಿದ್ದೀರಿ. ಸರ್ಕಾರದ ವಿರುದ್ಧ ಬರೆಯುವುದು ಅಪರಾಧವೇ, ಪತ್ರಕರ್ತರಿಗಿರುವ ರಕ್ಷಣೆ ಸಾಮಾನ್ಯರಿಗೆ ಇಲ್ಲವೇ ಎಂದು ಕೇಳಿದ್ದೀರಿ.

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ವಾಕ್ ಸ್ವಾತಂತ್ರ್ಯ ಕೊಡುವ ಸಂವಿಧಾನದ 19(1)(ಎ) ವಿಧಿಯಲ್ಲಿ ಪತ್ರಿಕೆ ಎಂಬ ಮಾತೇ ಇಲ್ಲ. ಸಾಮಾನ್ಯ ಪ್ರಜೆಗಿಲ್ಲದ ವಿಶೇಷ ಹಕ್ಕು ಪತ್ರಿಕೆಗೆ ಇಲ್ಲವೆಂದು ಅಂಬೇಡ್ಕರ್ ಅವರು ಸಂವಿಧಾನ ಸಭೆಯಲ್ಲೇ ಹೇಳಿದ್ದರು. ಹಲವು ವರ್ಷಗಳಿಂದ ಜಿಲ್ಲಾ ಸುದ್ದಿಗಳನ್ನು ತಿದ್ದುತ್ತಿರುವ ನನಗೆ ಇರುವ ಹಕ್ಕು, ಮೊಬೈಲ್ ಹಿಡಿದು ಬರೆಯುವ ನಿಮಗೂ ಇದೆ.

ಈ ಹಕ್ಕಿಗೆ ಮಿತಿಗಳು ಇರುವುದು 19(2)ರಲ್ಲಿ. ಅವು ಹೇಗೆ ಬಂದವೆಂಬುದನ್ನು ತಿಳಿದರೆ ಅರ್ಧ ಗೊಂದಲ ಕಳೆಯುತ್ತದೆ. ರೊಮೇಶ್ ಥಾಪರ್ ಅವರು ಬೊಂಬಾಯಿಯಿಂದ ಹೊರಡಿಸುತ್ತಿದ್ದ ‘ಕ್ರಾಸ್ ರೋಡ್ಸ್’ ವಾರಪತ್ರಿಕೆ ತನ್ನ ಗಡಿಯೊಳಗೆ ಬಾರದಂತೆ ಮದ್ರಾಸ್ ಸರ್ಕಾರ ನಿಷೇಧಿಸಿತ್ತು. 1950ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ನಿಷೇಧವನ್ನು ರದ್ದುಮಾಡಿತು. ಸಾರ್ವಜನಿಕ ಸುವ್ಯವಸ್ಥೆಯ ಹೆಸರಿನಲ್ಲಿ ಬಾಯಿ ಕಟ್ಟಲು ಆಗಿನ 19(2)ರಲ್ಲಿ ಅವಕಾಶವೇ ಇರಲಿಲ್ಲ. ಮರುವರ್ಷವೇ ನೆಹರೂ ಸರ್ಕಾರ ಮೊದಲ ತಿದ್ದುಪಡಿ ತಂದು ಸಾರ್ವಜನಿಕ ಸುವ್ಯವಸ್ಥೆ, ವಿದೇಶಗಳೊಂದಿಗಿನ ಸ್ನೇಹಸಂಬಂಧ, ಅಪರಾಧಕ್ಕೆ ಪ್ರಚೋದನೆ ಎಂಬ ಮೂರು ಕಾರಣಗಳನ್ನು ಸೇರಿಸಿತು. ಆದರೆ ನಿರ್ಬಂಧವು ‘ಸಮಂಜಸ’ವಾಗಿರಬೇಕು ಎಂಬ ಷರತ್ತು ಸೇರಿದ್ದೂ ಅದೇ ತಿದ್ದುಪಡಿಯಲ್ಲಿ. ಇಂದಿಗೂ ನಮ್ಮನ್ನು ಕಾಯುತ್ತಿರುವುದು ಆ ಒಂದು ಪದ. 1963ರಲ್ಲಿ ದೇಶದ ಸಾರ್ವಭೌಮತ್ವ ಮತ್ತು ಅಖಂಡತೆಯೂ ಸೇರಿ, ಈಗ ಒಟ್ಟು ಎಂಟು ಕಾರಣಗಳಿವೆ. ಮಂತ್ರಿಗೆ ಮುಜುಗರವಾಯಿತು, ಅಧಿಕಾರಿಗೆ ಸಿಟ್ಟು ಬಂತು ಎಂಬುದು ಆ ಎಂಟರಲ್ಲಿ ಇಲ್ಲ.

ಹಾಗಾಗಿ ಸರ್ಕಾರವನ್ನು ಎಷ್ಟೇ ಕಟುವಾಗಿ ಟೀಕಿಸಿದರೂ ಅದಷ್ಟೇ ಅಪರಾಧವಾಗದು. ಹಿಂಸೆಗೆ ಕುಮ್ಮಕ್ಕು ಕೊಡದ, ಅಶಾಂತಿ ಎಬ್ಬಿಸುವ ಉದ್ದೇಶವಿಲ್ಲದ ಟೀಕೆ ರಾಜದ್ರೋಹವಲ್ಲ ಎಂದು 1962ರಲ್ಲೇ ಕೇದಾರನಾಥ್ ಸಿಂಗ್ ಪ್ರಕರಣದಲ್ಲಿ ತೀರ್ಪಾಗಿದೆ. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 152ನೇ ಸೆಕ್ಷನ್ ಹಳೆಯ ರಾಜದ್ರೋಹದ ಜಾಗಕ್ಕೆ ಬಂದಿದೆ. ಅದರ ಭಾಷೆ ಬಹಳ ಅಗಲವಾಗಿದೆ, ದುರ್ಬಳಕೆಗೆ ಎಡೆಯಿದೆ ಎಂಬುದು ನನ್ನ ಆತಂಕ.

ಆತಂಕಕ್ಕೆ ಕಾರಣವಿದೆ. ‘ಕಿರಿಕಿರಿ’ ಉಂಟುಮಾಡುವ ಸಂದೇಶಕ್ಕೂ ಶಿಕ್ಷೆ ವಿಧಿಸುತ್ತಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ 2015ರಲ್ಲಿ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ರದ್ದುಗೊಳಿಸಿತು. ಆ ಮೇಲೂ ಪೊಲೀಸರು ಅದರಡಿ ಪ್ರಕರಣ ದಾಖಲಿಸುತ್ತಲೇ ಇದ್ದರು. ಯಾರ ಮೇಲೂ ಅದನ್ನು ಹಾಕಬಾರದೆಂದು 2022ರಲ್ಲಿ ನ್ಯಾಯಾಲಯ ಮತ್ತೆ ಹೇಳಬೇಕಾಯಿತು. ಸತ್ತ ಕಾನೂನಿನಡಿ ಠಾಣೆ ಹತ್ತಿದವರಿಗೆ ಕೊನೆಗೆ ಬಿಡುಗಡೆ ಸಿಕ್ಕರೂ, ಅಲೆದ ವರ್ಷಗಳನ್ನು ಯಾರೂ ಹಿಂದಿರುಗಿಸುವುದಿಲ್ಲ.

ನಮ್ಮ ರಾಜ್ಯದ್ದೇ ಇನ್ನೊಂದು ಸಂಗತಿ ಹೇಳಲೇಬೇಕು. 2017ರ ಜೂನ್‌ನಲ್ಲಿ ಕರ್ನಾಟಕ ವಿಧಾನಸಭೆ ಇಬ್ಬರು ಕನ್ನಡ ಸಂಪಾದಕರಿಗೆ ಹಕ್ಕುಚ್ಯುತಿಯ, ಅಂದರೆ ಸದನದ ಹಕ್ಕುಗಳಿಗೆ ಧಕ್ಕೆ ತಂದರೆಂಬ ಹೆಸರಿನಲ್ಲಿ ಒಂದು ವರ್ಷ ಜೈಲು, 10,000 ರೂಪಾಯಿ ದಂಡ ವಿಧಿಸಿತು. ಶಾಸಕರ ಬಗ್ಗೆ ಬರೆದದ್ದು ಮಾನಹಾನಿಯಾಗಿದ್ದರೆ ನ್ಯಾಯಾಲಯವಿತ್ತು. ದೂರು ಕೊಟ್ಟವರು, ವಿಚಾರಣೆ ನಡೆಸಿದವರು, ಶಿಕ್ಷೆ ವಿಧಿಸಿದವರು ಎಲ್ಲರೂ ಸದನದವರೇ ಆದರೆ ಅದನ್ನು ನ್ಯಾಯವೆನ್ನಲು ನನ್ನಿಂದಾಗದು. ಪತ್ರಿಕೆ ಯಾವುದು, ಬರಹ ಎಂಥದ್ದು ಎಂಬುದು ಇಲ್ಲಿ ಮುಖ್ಯವಲ್ಲ. ಸದನದ ಹಕ್ಕುಗಳೇನೆಂದು ಶಾಸನದ ಮೂಲಕ ಬರೆದಿಡಲು ಸಂವಿಧಾನದ 194ನೇ ವಿಧಿ ದಾರಿ ತೋರಿಸಿದೆ. ಅವು ಕಾಗದದ ಮೇಲೆ ಬರುವ ತನಕ ಗೆರೆ ಎಲ್ಲಿದೆ ಎಂದು ಬರೆಯುವವನಿಗೆ ತಿಳಿಯುವುದಾದರೂ ಹೇಗೆ?

ಇನ್ನು ನಿಮಗೆ ನಿಜವಾಗಿ ಎದುರಾಗಬಹುದಾದದ್ದು ಮಾನಹಾನಿ ಪ್ರಕರಣ. ಇದು ಪರಿಹಾರ ಕೋರುವ ದೀವಾನಿ (ಸಿವಿಲ್) ದಾವೆಯೂ ಆಗಬಹುದು, ಎರಡು ವರ್ಷದವರೆಗೆ ಶಿಕ್ಷೆಯಿರುವ ಕ್ರಿಮಿನಲ್ ಪ್ರಕರಣವೂ ಆಗಬಹುದು. ಇದು ಅಪರಾಧಗಳ ಪಟ್ಟಿಯಲ್ಲೇ ಇರಬಾರದೆಂದು ನಾನು ನಂಬಿದ್ದೇನೆ. ಆದರೆ 2016ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಕ್ರಿಮಿನಲ್ ಪ್ರಕರಣದಲ್ಲಿ ಬರೆದದ್ದು ಸತ್ಯ ಎಂದಷ್ಟೇ ತೋರಿಸಿದರೆ ಸಾಲದು, ಅದು ಸಾರ್ವಜನಿಕ ಹಿತಕ್ಕಾಗಿತ್ತು ಎಂದೂ ತೋರಿಸಬೇಕು. ಪಂಚಾಯಿತಿಯ ಹಣದ ವಿಷಯದಲ್ಲಿ ಅದು ಕಷ್ಟವಲ್ಲ, ಅಧ್ಯಕ್ಷರ ಮನೆಯ ವಿಷಯ ಎತ್ತಿದರೆ ಕಷ್ಟ. ಅಧಿಕಾರಿಯ ಕರ್ತವ್ಯದ ಕುರಿತ ಬರಹದಲ್ಲಿ ತಪ್ಪು ನುಸುಳಿದ್ದರೂ, ಸಾಕಷ್ಟು ಪರಿಶೀಲಿಸಿ ಬರೆದಿದ್ದರೆ ಪರಿಹಾರ ಕೊಡಬೇಕಿಲ್ಲ ಎಂದು 1994ರ ಆರ್. ರಾಜಗೋಪಾಲ್ ತೀರ್ಪು ಹೇಳಿದೆ. ಆದ್ದರಿಂದ ಮಾಹಿತಿ ಹಕ್ಕಿನಡಿ ಬಿಲ್ಲು, ಅಳತೆ ಪುಸ್ತಕದ ದೃಢೀಕೃತ ನಕಲು ತೆಗೆದಿಟ್ಟುಕೊಳ್ಳಿ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರ ಪ್ರತಿಕ್ರಿಯೆಯನ್ನು ಲಿಖಿತವಾಗಿ ಕೇಳಿ, ಅವರು ಉತ್ತರಿಸದಿದ್ದರೆ ಕೇಳಿದ ದಿನಾಂಕವನ್ನೂ ಬರಹದಲ್ಲಿ ಸೇರಿಸಿ. ‘ಕಳ್ಳ’ ಎನ್ನಬೇಡಿ, ‘ಬಿಲ್ಲಿನಲ್ಲಿ ಇಷ್ಟಿದೆ, ಸ್ಥಳದಲ್ಲಿ ಇಷ್ಟಿದೆ’ ಎಂದು ಬರೆಯಿರಿ.