ಎಣ್ಣೆ ಬಾವಿಯಿಂದ ಎಟಿಎಂಗೆ

ಎಣ್ಣೆ ಕಂಪನಿಯಲ್ಲಿದ್ದ ನೈಜೀರಿಯಾದ ಎಂಜಿನಿಯರ್ ಮಿಚೆಲ್ ಎಲೆಗ್ಬೆ ಇಂಟರ್‌ಸ್ವಿಚ್ ಅನ್ನೋ ಹಣ ಪಾವತಿಯ ಕಂಪನಿ ಕಟ್ಟಿದ್ದು ಹೇಗೆ, ಬ್ಯಾಂಕಿಂಗ್ ಗೊತ್ತಿರಬೇಕಿತ್ತಲ್ವಾ ಅಂತ ಕೇಳಿದ್ದೀರಿ. ಗೊತ್ತಿರಬೇಕಾಗಿದ್ದದ್ದು ಬ್ಯಾಂಕಿಂಗ್‌ಗಿಂತ ಹೆಚ್ಚಾಗಿ ಸಂದೇಶ ಸಾಗಿಸೋ ಕೆಲಸ ಅಂತ ನನ್ನ ಅನಿಸಿಕೆ.

ಅವರು ನೈಜೀರಿಯಾದ ಬೆನಿನ್ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದವರು. ಶ್ಲಂಬರ್ಜೆ ಅನ್ನೋ ಎಣ್ಣೆ ಬಾವಿ ಕೆಲಸದ ಕಂಪನಿಯಲ್ಲಿ ಫೀಲ್ಡ್ ಎಂಜಿನಿಯರ್ ಆಗಿದ್ದು, ಆಮೇಲೆ ಟೆಲ್‌ನೆಟ್ ಅನ್ನೋ ನೈಜೀರಿಯಾದ ಕಂಪನಿ ಸೇರಿದರು. ಇಂಟರ್‌ಸ್ವಿಚ್‌ನ ಯೋಚನೆ ಮೊಳೆತದ್ದು ಅಲ್ಲೇ. 2002ರಲ್ಲಿ ಲಾಗೋಸ್‌ನಲ್ಲಿ ಶುರು.

ಆಗ ಅಲ್ಲಿ ವ್ಯವಹಾರವೆಲ್ಲ ನಗದಿನಲ್ಲೇ. ನೈರಾ (ಅಲ್ಲಿನ ಹಣ) ನೋಟಿನ ಕಟ್ಟು ಹೊತ್ತು ಬ್ಯಾಂಕಿನ ಮುಂದೆ ಸಾಲು ನಿಲ್ಲಬೇಕು. ಬ್ಯಾಂಕುಗಳ ನಡುವೆ ಸಂದೇಶ ಸಾಗಿಸೋ ವ್ಯವಸ್ಥೆಗೆ 'ಸ್ವಿಚ್' ಅಂತಾರೆ. ಅದು ಮಾಡೋದು ಇಷ್ಟೇ: ನಿಮ್ಮ ಕಾರ್ಡನ್ನು ಬೇರೆ ಬ್ಯಾಂಕಿನ ಎಟಿಎಂಗೆ ಹಾಕಿದಾಗ, ಕಾರ್ಡ್ ಸಂಖ್ಯೆಯ ಮೊದಲ ಅಂಕಿಗಳನ್ನು ನೋಡಿ ಅದು ಯಾವ ಬ್ಯಾಂಕಿನದು ಅಂತ ಗುರುತಿಸಿ, ಆ ಬ್ಯಾಂಕನ್ನು ಕೇಳಿ, 'ಕೊಡಬಹುದು' ಅನ್ನೋ ಉತ್ತರ ತರೋದು. ಎಲ್ಲ ಕೆಲವೇ ಸೆಕೆಂಡಿನಲ್ಲಿ. ತಂತ್ರ ಸರಳ, ಆದರೆ ಒಬ್ಬರ ಮೇಲೊಬ್ಬರು ಪೈಪೋಟಿಗೆ ಬಿದ್ದ ಬ್ಯಾಂಕುಗಳನ್ನು ಒಂದೇ ತಂತಿಗೆ ಒಪ್ಪಿಸೋದೇ ತಲೆನೋವು. ಎಲೆಗ್ಬೆ ಬ್ಯಾಂಕುಗಳನ್ನೇ ಪಾಲುದಾರರನ್ನಾಗಿ ಮಾಡಿಕೊಂಡರು. ನನಗೆ ಜಾಣತನ ಕಾಣೋದು ಇಲ್ಲೇ.

2009ರಲ್ಲಿ ಬಂದ ಅವರ ವರ್ವ್ ಕಾರ್ಡ್ ನಮ್ಮ ರುಪೇ ಥರದ್ದೇ ದೇಸಿ ಕಾರ್ಡ್. ರುಪೇ ಬಂದದ್ದು 2012ರಲ್ಲಿ, ಅಂದರೆ ಅವರೇ ಮುಂದು! 2010ರಲ್ಲಿ ಹೆಲಿಯೋಸ್ ಅನ್ನೋ ಹೂಡಿಕೆ ಸಂಸ್ಥೆ ಇಂಟರ್‌ಸ್ವಿಚ್‌ನ ಬಹುಪಾಲನ್ನು ಖರೀದಿಸಿತು. 2019ರಲ್ಲಿ ವೀಸಾ 20% ಪಾಲಿಗೆ 20 ಕೋಟಿ ಡಾಲರ್ ಕೊಟ್ಟಿತು. ಲೆಕ್ಕ ಹಾಕಿ, ಕಂಪನಿಯ ಬೆಲೆ 100 ಕೋಟಿ ಡಾಲರ್.